ಮೇಡಂ ಅಡಾಪ್ಟರ್ ಆರಿಸಿದ ಕತೆ

ನಮ್ಮ ಶಾಲೆಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಮೇಡಂ ಅವರನ್ನು ಶಿಸ್ತಿನ ಸಿಪಾಯಿ, ಪ್ರಕೃತಿಪ್ರೇಮಿ, ಮಾತೃಹೃದಯಿ ಎಂದು ಹೊಗಳಿದರು. ಮೊದಲಿನ ಎರಡನ್ನು ಒಪ್ಪಬಹುದು. ಮೂರನೆಯದು ಕಿವಿಗೆ ಬಿದ್ದಿದ್ದರೆ ಮೇಡಂ ಎದ್ದು ನಿಂತು, “ಅದು ಹ್ಯಾಗೆ ಬಂತು? ಹಂತ ಹಂತವಾಗಿ ಬಿಡಿಸಿ ತೋರ್ಸಿ” ಎನ್ನುತ್ತಿದ್ದರು. ಶಿಕಾರಿಪುರದ ನಮ್ಮ ಹೈಸ್ಕೂಲಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು, ನಾನು ಕನ್ನಡ. ನಿವೃತ್ತಿಯ ನಂತರ ಅವರಿಗೆ ಹಿಡಿದ ಹಕ್ಕಿಯ ಹುಚ್ಚನ್ನೂ ಒಬ್ಬಿಬ್ಬರು ನೆನೆದರು. ಆದರೆ ಆ ಹುಚ್ಚಿನ ನಡುವೆ ಅವರು ಒಂದು ಅಡಾಪ್ಟರ್ ಆರಿಸಿದ್ದು, ಅದರಿಂದ ಅವರ ಸಂಸಾರದಲ್ಲಿ ಏನಾಯಿತೆಂಬುದು, ಇವನ್ನು ಯಾರೂ ಹೇಳಲಿಲ್ಲ. ಗೊತ್ತಿದ್ದವನು ನಾನೊಬ್ಬನೇ. ಅವರ ಯಜಮಾನರು ಮುಂದಿನ ಕುರ್ಚಿಯಲ್ಲೇ ಕೂತಿದ್ದರಿಂದ ನಾನೂ ಅವತ್ತು ಮಾತೃಹೃದಯದ ಮೇಲೆಯೇ ನಾಲ್ಕು ಮಾತು ಹೇಳಿ ಇಳಿದೆ.

ಮೇಡಂ ಏನನ್ನಾದರೂ ಕೊಳ್ಳುವುದೆಂದರೆ ಅಂಗಡಿಯವರಿಗೆ ಅದೊಂದು ಪರೀಕ್ಷೆ. ಒಮ್ಮೆ ಅವರ ಜೊತೆ ಕೊಡೆ ತರಲು ಹೋಗಿದ್ದೆ. ಅಂಗಡಿಯಲ್ಲಿದ್ದ ಕೊಡೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿಸಿ, ಕೆಳಗೆ ನಿಂತು, ಮೇಲೆ ನೋಡಿ, “ಇದರ ಮೇಲೆ ಸ್ವಲ್ಪ ನೀರು ಹಾಕಿ” ಎಂದರು. ಅಂಗಡಿಯಾತ ತಮಾಷೆ ಎಂದುಕೊಂಡ. ಮೇಡಂ ನಗಲಿಲ್ಲ. ಆತ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು, ಅಂಗಡಿಯ ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತ ಮೇಡಂ ಮೇಲೆ ಮಳೆ ಸುರಿಸಬೇಕಾಯಿತು. ಕೊನೆಗೆ ಅವರು ತೆಗೆದುಕೊಂಡದ್ದು ಆತ ಮೊಟ್ಟಮೊದಲು ತೋರಿಸಿದ್ದ ಕೊಡೆಯನ್ನೇ. “ಉಳಿದವನ್ನ ನೋಡದೆ ಇದು ಚೆನ್ನಾಗಿದೆ ಅಂತ ಗೊತ್ತಾಗದು ಹ್ಯಾಗೆ?” ಎಂದು ಆತನನ್ನೇ ಕೇಳಿದರು.

ಗಂಡನನ್ನು ಆರಿಸಿದ್ದೂ ಹೀಗೆಯೇ ಅಂತೆ. ಮೇಡಂ ತವರು ಸೊರಬದ ಕಡೆಯ ಜಡೆ ಎಂಬ ಹಳ್ಳಿ. ಯಜಮಾನರು ಉಡುತಡಿಯವರು, ಶಿಕಾರಿಪುರದಲ್ಲಿ ಪೈಪು, ಪಂಪ್‌ಸೆಟ್ಟಿನ ಸಾಮಾನಿನ ಅಂಗಡಿ ಇಟ್ಟಿದ್ದರು. ಹೆಣ್ಣು ನೋಡಲು ಹೋದ ದಿನ ಮೇಡಂ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, “ನಿಮಗೆ ಸಿಟ್ಟು ಬಂದ್ರೆ ಎಂತ ಮಾಡ್ತೀರಿ?” ಎಂದು ಕೇಳಿದರಂತೆ. ಇವರು ಗಾಬರಿಯಲ್ಲಿ, “ಅಂಗಡಿಗೆ ಹೋಗಿ ಪೈಪ್ ಕೊಯ್ತೀನಿ” ಎಂದರಂತೆ. ಈ ಉತ್ತರಕ್ಕೆ ಪೂರ್ತಿ ಅಂಕ ಸಿಕ್ಕಿತು. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಮೃದು ಮಾತಿನ ಮನುಷ್ಯ. ಇಷ್ಟು ವರ್ಷದಲ್ಲಿ ಅಣ್ಣ ಪೈಪು ಕೊಯ್ದದ್ದು ಗಿರಾಕಿ ಕೇಳಿದಾಗ ಮಾತ್ರ ಎಂದು ನನ್ನ ನಂಬಿಕೆ.

ನಿವೃತ್ತರಾದ ವರ್ಷ ಮೇಡಂ ಸ್ಪಾಟಿಂಗ್ ಸ್ಕೋಪ್ ತರಿಸಿದರು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ ಒಂದೇ ಕಣ್ಣಿನಲ್ಲಿ ನೋಡುವ ದೊಡ್ಡ ದುರ್ಬೀನು. ಚಳಿಗಾಲದ ಭಾನುವಾರಗಳಲ್ಲಿ ಅಂಜನಾಪುರದ ಜಲಾಶಯದ ಏರಿಗೆ ನಮ್ಮ ಸವಾರಿ ಹೊರಡುತ್ತಿತ್ತು. ಸ್ಟ್ಯಾಂಡು ಹೊರುವುದು ಅಣ್ಣ, ಫ್ಲಾಸ್ಕ್ ಹೊರುವುದು ನಾನು, ಸ್ಕೋಪನ್ನು ಮೇಡಂ ಮಗುವಿನಂತೆ ಎದೆಗವಚಿಕೊಂಡು ಬರುತ್ತಿದ್ದರು. ಏರಿಯ ಮೇಲೆ ಅದನ್ನು ಹೂಡಿದ ಕೂಡಲೇ ಆಸುಪಾಸಿನ ಹೊಲದವರು ಬಂದು ಸುತ್ತ ನಿಲ್ಲುತ್ತಿದ್ದರು. “ಸರ್ವೇನೇನ್ರೀ ಮೇಡಂ? ನಾಲೆ ಅಗಲ ಮಾಡ್ತಾರನ್ರೀ?” ಎಂದು ಒಬ್ಬರು ಆತಂಕದಿಂದ ಕೇಳಿದರು. ಮೇಡಂ ಅವರ ಭುಜ ಹಿಡಿದು ಬಗ್ಗಿಸಿ ಸ್ಕೋಪಿಗೆ ಕಣ್ಣಿಡಿಸಿದರು. ಅವರು ಬಹಳ ಹೊತ್ತು ನೋಡಿ, “ಬೆಳ್ಳಕ್ಕಿ ಹೌದ್ರೀ. ದಿನಾ ನೋಡ್ತೀವಿ” ಎಂದು ನಿರಾಸೆಯಿಂದ ಹೊರಟುಹೋದರು.

ನಮಗೆ ಅಷ್ಟು ಸುಲಭದ ಬಿಡುಗಡೆ ಇರಲಿಲ್ಲ. ನೋಡಿ ಕಣ್ಣು ತೆಗೆದ ತಕ್ಷಣ ಮೌಖಿಕ ಪರೀಕ್ಷೆ. “ಕಂಡ್ತಾ ಮೇಷ್ಟ್ರೇ? ಕೊಕ್ಕು ಯಾವ ಬಣ್ಣ? ಕಾಲು? ಕಣ್ಣಿನ ಸುತ್ತ ಉಂಗುರ ಇದ್ಯಾ ಇಲ್ವಾ?” ನಾನು ಕಾಲು ಹೇಳಿದರೆ ಕೊಕ್ಕು ಮರೆಯುತ್ತಿದ್ದೆ, ಮತ್ತೆ ಬಗ್ಗಬೇಕಾಗುತ್ತಿತ್ತು. ಅಣ್ಣನಿಗೆ ಮಾತ್ರ ಈ ಪರೀಕ್ಷೆಯಿಂದ ವಿನಾಯಿತಿ. ಅವರು ಬಗ್ಗಿ, ಒಂದು ಕಣ್ಣು ಬಿಗಿಯಾಗಿ ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ಇದ್ದು, ಸೊಂಟ ಹಿಡಿದುಕೊಂಡು ಎದ್ದು, “ಭಾಳ ಚಲೋ ಐತಿ” ಎನ್ನುತ್ತಿದ್ದರು. ಮೇಡಂ ಮುಖ ಅರಳುತ್ತಿತ್ತು. “ನೋಡಿ, ಇವರಿಗೆ ಹಕ್ಕಿ ನೋಡದು ಬರ್ತದೆ” ಎಂದು ನನಗೆ ಹೇಳುತ್ತಿದ್ದರು.

ಹೀಗಿರುವಾಗ ಕರಿ ಕೊಕ್ಕರೆ ಬಂತು. ಅದು ಬಂದ ಬೆಳಿಗ್ಗೆ ನಾನು ಮದುವೆಯೊಂದಕ್ಕೆ ಹೋಗಿದ್ದೆ. ಏರಿಯ ಮೇಲೆ ಇದ್ದವರು ಗಂಡ ಹೆಂಡತಿ ಇಬ್ಬರೇ. ಮಧ್ಯಾಹ್ನ ನಾನು ಅವರ ಮನೆಗೆ ಹೋದಾಗ ಮೇಡಂ ಕೂತಲ್ಲಿ ಕೂರುತ್ತಿರಲಿಲ್ಲ. ನಮ್ಮ ಕಡೆ ಕಾಣುವುದೇ ಅಪರೂಪವಂತೆ. ಮೈಯೆಲ್ಲ ಕಪ್ಪು, ಹೊಟ್ಟೆ ಮಾತ್ರ ಬಿಳಿ, ಕೊಕ್ಕು ಕಾಲು ಕೆಂಪು. ಸೊರಬ ಶಿಕಾರಿಪುರದ ಹಕ್ಕಿ ನೋಡುವವರದೊಂದು ವಾಟ್ಸ್ಯಾಪ್ ಗುಂಪಿತ್ತು. ಅದರಲ್ಲಿ ಆಗಲೇ ಸುದ್ದಿ ಹಾಕಿಯಾಗಿತ್ತು. ಆ ಗುಂಪಿಗೆ ಯಜಮಾನಿಕೆ ಸೊರಬದ ಒಬ್ಬ ಹಲ್ಲಿನ ಡಾಕ್ಟರದು. ಮೊಳದುದ್ದದ ಲೆನ್ಸಿನ ಕ್ಯಾಮೆರಾ ಇಟ್ಟುಕೊಂಡಿದ್ದವರು, ಎರಡೂ ತಾಲೂಕಿನ ಹಕ್ಕಿಗಳ ದಾಖಲೆ ಅವರ ಕೈಯಲ್ಲಿತ್ತು. ಅವರ ಉತ್ತರ ಬಂತು: “ಫೋಟೋ ಇದೆಯಾ ಮೇಡಂ? ಬಿಳಿಕತ್ತಿನ ಕೊಕ್ಕರೆ ಇರಬಹುದು. ಅದು ಇಲ್ಲಿ ಸಾಮಾನ್ಯ.”

ಮೂವತ್ತು ಚಿಲ್ಲರೆ ವರ್ಷ ಕಪ್ಪು ಹಲಗೆಯ ಮುಂದೆ ನಿಂತು ಹೇಳಿದ ಒಂದು ಮಾತನ್ನೂ ಯಾರೂ ಪ್ರಶ್ನಿಸದಿದ್ದ ಹೆಂಗಸು. ಮೇಡಂ ಡಾಕ್ಟರಿಗೆ ನೇರ ಫೋನೇ ಮಾಡಿ ಸ್ಪೀಕರಿಗೆ ಹಾಕಿದರು.

“ಕತ್ತು ಬಿಳಿ ಇದ್ದಿದ್ರೆ ಬಿಳಿ ಅಂತಿದ್ದೆ ಡಾಕ್ಟ್ರೇ. ನೋಡಿದೀನಿ ಅಂದ್ರೆ ನೋಡಿದೀನಿ. ಬೇಕಾದ್ರೆ ಇವರನ್ನ ಕೇಳಿ. ಇವರೂ ನೋಡಿದಾರೆ.”

ಫೋನು ಅಣ್ಣನ ಮುಂದೆ ಬಂತು. ಅಣ್ಣ ಚಹಾದ ಲೋಟ ಕೆಳಗಿಟ್ಟರು.

“ನೀವು ನೋಡಿದ್ರಾ ಅಣ್ಣ?” ಡಾಕ್ಟರು ಕೇಳಿದರು.

“ಹೂಂರೀ. ಕಪ್ಪಗಿತ್ತು.”

“ಕತ್ತೂ ಕಪ್ಪಗಿತ್ತಾ?”

“ಎಲ್ಲಾ ಕಪ್ಪಗೇ ಇತ್ರೀ.”

“ಹೊಟ್ಟೆ ಬಿಳಿ” ಎಂದು ಮೇಡಂ ಪಿಸುಗುಟ್ಟಿದರು.

“ಹೊಟ್ಟಿ ಬಿಟ್ಟು” ಎಂದರು ಅಣ್ಣ.

ಡಾಕ್ಟರು, ಇಬ್ಬರು ನೋಡಿದ್ದೀರಿ ಎನ್ನುವುದಾದರೆ ಸದ್ಯಕ್ಕೆ ಬರೆದುಕೊಳ್ಳುತ್ತೇನೆ, ಆದರೆ ಮುಂದಿನ ಸಲ ಫೋಟೋ ಇದ್ದರೆ ಒಳ್ಳೆಯದು ಎಂದರು. ಅಡಾಪ್ಟರಿನ ಕತೆ ಶುರುವಾದದ್ದು ಇಲ್ಲಿಂದ.

ಸ್ಕೋಪಿನಲ್ಲಿ ಕಾಣುವುದನ್ನು ಫೋಟೋ ತೆಗೆಯಬೇಕಾದರೆ ಕ್ಯಾಮೆರಾವನ್ನೋ ಫೋನನ್ನೋ ಕಣ್ಣಿಡುವ ಜಾಗಕ್ಕೆ ಅಲುಗದಂತೆ ಹಿಡಿದು ನಿಲ್ಲಿಸುವ ಒಂದು ಸಲಕರಣೆ ಬೇಕು. ಅದೇ ಅಡಾಪ್ಟರ್. ಕೈಯಲ್ಲೇ ಫೋನು ಹಿಡಿದು ಪ್ರಯತ್ನಿಸಿದರೆ ಹಕ್ಕಿಯ ಬದಲು ಒಂದು ಕಪ್ಪು ಪರದೆ, ಅದರೊಳಗೆ ಓಡಾಡುವ ಒಂದು ಬೆಳಕಿನ ಚುಕ್ಕಿ ಮಾತ್ರ ಬರುತ್ತದೆ. ನಾನು, “ಒಂದು ತರಿಸಿಬಿಡಿ ಮೇಡಂ” ಎಂದೆ. ಅವರು ನನ್ನನ್ನು, ಲೆಕ್ಕ ಬಿಡಿಸದೆ ಉತ್ತರ ಬರೆದ ಹುಡುಗನನ್ನು ನೋಡುವಂತೆ ನೋಡಿದರು.

ಮೊದಲು ಫೋನೋ ಕ್ಯಾಮೆರಾವೋ ಎಂಬ ಪ್ರಶ್ನೆ. ಕ್ಯಾಮೆರಾ ಕಚ್ಚಿಸುವ ಉಂಗುರದಂಥ ಅಡಾಪ್ಟರ್ ಗಟ್ಟಿ, ಆದರೆ ಕ್ಯಾಮೆರಾದ ಭಾರಕ್ಕೆ ಸ್ಕೋಪು ಹಿಂದಕ್ಕೆ ವಾಲುತ್ತದೆ. ಇದನ್ನು ತಿಳಿಯಲು ಮೇಡಂ ಸ್ಕೋಪಿನ ಹಿಂಭಾಗಕ್ಕೆ ಅರ್ಧ ಕಿಲೋ ತೊಗರಿಬೇಳೆಯ ಪೊಟ್ಟಣ ಕಟ್ಟಿ ಒಂದು ದಿನ ಬಿಟ್ಟು ನೋಡಿದರು. ಫೋನು ಎಂದು ತೀರ್ಮಾನವಾದ ಮೇಲೆ ಇನ್ನೊಂದು ತೊಡಕು. ಒಂದೇ ಮಾಡೆಲ್ಲಿನ ಫೋನಿಗೆ ಅಚ್ಚುಕಟ್ಟಾಗಿ ಕೂರುವ ಅಡಾಪ್ಟರ್ ಕೊಳ್ಳುವುದೋ, ಯಾವ ಫೋನನ್ನಾದರೂ ಇಕ್ಕಳದಂತೆ ಹಿಡಿಯುವುದನ್ನು ಕೊಳ್ಳುವುದೋ? ಮೊದಲನೆಯದಾದರೆ ಫೋನು ಕೆಟ್ಟ ದಿನ ಅದೂ ಕಸ. ಎರಡನೆಯದಾದರೆ ಪ್ರತಿ ಸಲವೂ ಫೋನಿನ ಕಣ್ಣನ್ನು ಸ್ಕೋಪಿನ ಕಣ್ಣಿಗೆ ಸರಿಯಾಗಿ ಎದುರುಬದುರು ತರಬೇಕು. ಅದೂ ಈಗಿನ ಫೋನುಗಳಿಗೆ ಬೆನ್ನಿನಲ್ಲಿ ಮೂರು ಮೂರು ಕಣ್ಣು.

ಈ ಹಂತದಲ್ಲಿ ಸಿಕ್ಕಿಬಿದ್ದವರು ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಇಮ್ತಿಯಾಜ್. ಮೇಡಂ ಕೈಕೆಳಗೆ ಓದಿದವರು; ಈಗ ತಲೆ ಅರ್ಧ ನೆರೆತಿದ್ದರೂ ಮೇಡಂ ಕಂಡರೆ ಕುರ್ಚಿಯಿಂದ ಏಳುತ್ತಿದ್ದರು. ಮೇಡಂ ಶಾಲೆಯ ಲ್ಯಾಬಿನಿಂದ ಎರವಲು ತಂದ ವರ್ನಿಯರ್ ಕ್ಯಾಲಿಪರ್ ಹಿಡಿದು, ಅವರ ಅಂಗಡಿಯಲ್ಲಿದ್ದ ಫೋನುಗಳ ಅಂಚಿನಿಂದ ಕಣ್ಣಿಗೆ ಎಷ್ಟು ದೂರ ಎಂದು ಅಳೆದರು. ಸ್ಕೋಪಿನ ರಬ್ಬರ್ ಬಾಯಿಯನ್ನೂ ಅಳೆದರು. ಅದು ಬುಡದಲ್ಲಿ ಒಂದು ಅಳತೆ, ತುದಿಯಲ್ಲಿ ಇನ್ನೊಂದು. “ಶಂಕುವಿನ ಭಿನ್ನಕ ಇದು, ತಲೆ ಕೊಯ್ದ ಶಂಕು” ಎಂದರು. ಅವರು ಬರುತ್ತಿರುವುದು ದೂರದಿಂದ ಕಂಡರೆ ಇಮ್ತಿಯಾಜ್ ನಮಾಜಿಗೆ ಹೊರಡುತ್ತಾರೆ ಎಂದು ನಾನು ಅವರನ್ನು ಛೇಡಿಸಿದ್ದುಂಟು. “ಇಲ್ಲ ಮೇಷ್ಟ್ರೇ,” ಎಂದರು ಅವರು, “ಮೇಡಂ ಬಂದಾಗ ಗಿರಾಕಿಗಳು ಜಾಸ್ತಿ ಆಗ್ತಾರೆ. ಏನ್ ನಡೀತೈತಿ ಅಂತ ನೋಡಾಕ ನಿಂತೋರು ಒಂದು ಚಾರ್ಜರ್ ಆದ್ರೂ ತಗಂಡು ಹೋಗ್ತಾರೆ.” ಅವರ ಮೂಲಕ ತರಿಸಿದ ಎರಡು ಅಡಾಪ್ಟರುಗಳು ವಾಪಸ್ಸು ಹೋದವು. ಒಂದು ಸಡಿಲ, ಇನ್ನೊಂದು ಫೋನಿನ ಗುಂಡಿಯನ್ನೇ ಒತ್ತಿ ಅದನ್ನು ಆರಿಸಿಬಿಡುತ್ತಿತ್ತು.

ವಿಚಿತ್ರವೆಂದರೆ ಈ ವಿಷಯದಲ್ಲಿ ಮೇಡಂಗಿಂತ ಅಣ್ಣನಿಗೆ ಅವಸರ. ಯಾವತ್ತೂ ಯಾವುದಕ್ಕೂ ಒತ್ತಾಯಿಸದ ಮನುಷ್ಯ, “ಯಾವ್ದಾದ್ರೂ ಒಂದು ತಗಾ ಮಾರಾಯ್ತಿ” ಎಂದು ಬೆನ್ನು ಹತ್ತಿದರು. ತಡೆಯಲಾರದೆ ದಪ್ಪ ಪೈಪಿಗೆ ಸಣ್ಣದನ್ನು ಸೇರಿಸುವ ತಮ್ಮ ಅಂಗಡಿಯ ಪಿವಿಸಿ ರೆಡ್ಯೂಸರ್ ಕೊಯ್ದು, ಒಳಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ, ಹಿಂದಕ್ಕೆ ಫೋನಿನ ಕವರ್ ಅಂಟಿಸಿ ತಾವೇ ಒಂದು ಮಾಡಿ ತಂದರು. ಮೇಡಂ ಅದನ್ನು ಹಾಕಿ ನೋಡಿದರು. ಬಾವಿಯ ತಳದಲ್ಲಿ ಹಕ್ಕಿ ಈಜುತ್ತಿರುವ ಹಾಗೆ ಕಾಣಿಸಿತು. ಸ್ವಲ್ಪ ಹೊತ್ತಿಗೆ ಅಂಟು ಬಿಟ್ಟು ಫೋನು ಏರಿಯ ಹುಲ್ಲಿನ ಮೇಲೆ ಬಿತ್ತು. “ಬೋರ್‌ವೆಲ್‌ಗೆ ಹಾಕಿ ಇದನ್ನ” ಎಂದು ಮೇಡಂ ತೀರ್ಪು ಕೊಟ್ಟರು. ಅಣ್ಣ ಅದನ್ನು ಕಿಸೆಗೆ ಹಾಕಿಕೊಂಡರು.

ಒಂದು ಮಳೆಗಾಲ ಪೂರ್ತಿ ಹೀಗೆ ಕಳೆಯಿತು. ಮತ್ತೆ ಬಾತುಗಳು ಬರುವ ಹೊತ್ತಿಗೆ ಮೇಡಂ ಒಂದನ್ನು ಆರಿಸಿದ್ದರು. ಯಾವ ಫೋನನ್ನಾದರೂ ಹಿಡಿಯುವ ಜಾತಿಯದೇ, ಆದರೆ ಸ್ಕೋಪಿಗೆ ತಿರುಪಿನಿಂದ ಬಿಗಿಯಾಗುವುದು, ಮತ್ತು ಬಾಗಿಲಿನಂತೆ ಒಂದು ಕೀಲು ಇರುವುದು. ಆ ಕೀಲಿಗಾಗಿಯೇ ಅದನ್ನು ಆರಿಸಿದ್ದು. ಫೋನನ್ನು ಪಕ್ಕಕ್ಕೆ ಸರಿಸಿ ಮೊದಲು ಕಣ್ಣಿನಿಂದ ನೋಡಬಹುದು, ಆಮೇಲೆ ಫೋನನ್ನು ಮುಂದಕ್ಕೆ ತರಬಹುದು. “ಮೊದ್ಲು ನೋಡದು, ಆಮೇಲೆ ಫೋಟೋ” ಎಂದರು.

ಆ ಭಾನುವಾರ ಏರಿಯ ಮೇಲೆ ನಾವು ಮೂವರೇ ಇದ್ದೆವು. ಗಾಳಿ ಇರಲಿಲ್ಲ. ದೂರದ ಕೆಸರಿನಲ್ಲಿ ಬಣ್ಣದ ಕೊಕ್ಕರೆಗಳು ನಿಂತಿದ್ದವು. ಮೇಡಂ ಮೊದಲು ಕಣ್ಣಿಟ್ಟು ನೋಡಿದರು, ಫೋಕಸ್ ಸರಿಮಾಡಿದರು, ಆಮೇಲೆ ಬಾಗಿಲು ಮುಚ್ಚಿದಂತೆ ಫೋನನ್ನು ತಂದು ಕೂರಿಸಿದರು. ಬೆರಳು ಮುಟ್ಟಿದರೂ ಚಿತ್ರ ಅದುರುತ್ತದೆಂದು ತಾನಾಗಿ ತೆಗೆದುಕೊಳ್ಳುವ ಟೈಮರ್ ಇಟ್ಟರು. ಫೋನಿನ ತೆರೆಯ ತುಂಬ ಒಂದು ಕೊಕ್ಕರೆ. ಬಾಗಿದ ಹಳದಿ ಕೊಕ್ಕು, ರೆಕ್ಕೆಯ ಮೇಲೆ ಕಪ್ಪು ಗೀಟು, ಬಾಲದ ಹತ್ತಿರ ತೆಳು ಗುಲಾಬಿ. ಗಾಳಿಯಿಲ್ಲದ ನೀರಿನಲ್ಲಿ ಅದರ ಬಿಂಬವೂ ಇತ್ತು.

ಹಿಂದೆ ನಿಂತಿದ್ದ ಅಣ್ಣ ಇಣುಕಿ ನೋಡಿದರು. ನೋಡುತ್ತ ಮುಂದೆ ಮುಂದೆ ಬಂದರು. ಅವರ ಗಲ್ಲ ಮೇಡಂ ಭುಜಕ್ಕೆ ತಾಗುವಷ್ಟು ಹತ್ತಿರ.

“ಅಲ್ಲಾ, ಇದಕ್ಕ ಗುಲಾಬಿ ಪುಕ್ಕ ಐತಲ್ಲೇ” ಎಂದರು.

“ಇರದೇ ಹಂಗೆ.”

“ಯಾವಾಗಿಂದ ಐತಿ?”

ಮೇಡಂ ತಿರುಗಿದರು. “ಹುಟ್ಟಿದಾಗಿಂದ. ಹೋದ ವರ್ಷ ಇದೇ ಜಾಗದಲ್ಲಿ ನೀವು ನೋಡಿ ಭಾಳ ಚಲೋ ಐತಿ ಅಂದಿದ್ರಲ್ಲ.”

ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುವುದರಲ್ಲಿ ಮಗ್ನನಾದೆ. ಆದರೂ ಕಿವಿ ಇತ್ತಲ್ಲ.

“ನೀವು ನೋಡಿರ್ಲಿಲ್ವಾ?”

“ನಂಗ ಅದ್ರಾಗ ಏನೂ ಕಾಣಾಂಗಿಲ್ಲ ಕಣೇ. ಕಣ್ಣಿಟ್ರೆ ಕತ್ಲಿ. ನನ್ನ ರೆಪ್ಪಿ ನಂಗೇ ಕಾಣ್ತಾವು, ಅಷ್ಟೇ.”

“ಒಂದು ಸಲನೂ?”

“ಒಂದು ಸಲನೂ ಇಲ್ಲ.”

ಮೇಡಂ ಪರೀಕ್ಷೆಗೆ ಇಳಿದರು. ಚಮಚ ಕೊಕ್ಕರೆ? ಇಲ್ಲ. ಹಾವಕ್ಕಿ? ಇಲ್ಲ. ಗುಡವಿ ಪಕ್ಷಿಧಾಮದಲ್ಲಿ ಮರದ ಮೇಲೆ ಮರಿಗೆ ಉಣಿಸುತ್ತಿದ್ದದ್ದು? ಅದೂ ಇಲ್ಲ. ಆಮೇಲೆ ಬೇರೆಯೇ ದನಿಯಲ್ಲಿ ಕೇಳಿದರು: “ಕರಿ ಕೊಕ್ಕರೆ?”

“ಕಪ್ಪಗಿತ್ತು ಅಂದೆ” ಎಂದರು ಅಣ್ಣ. “ನಂಗೆ ಎಲ್ಲಾ ಕಪ್ಪಗೇ ಇತ್ತು.”

ನನಗೆ ನಗು ತಡೆಯಲಾಗಲಿಲ್ಲ. ಮೇಡಂ ನಗಲಿಲ್ಲ. ಅವರು ಏರಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಕೂರುವುದಕ್ಕೆ ಮುಂಚೆ ಕಲ್ಲನ್ನು ಒರೆಸಿಕೊಳ್ಳುವುದು ಅವರ ಪದ್ಧತಿ; ಅವತ್ತು ಒರೆಸಲಿಲ್ಲ.

“ಮೊದಲ್ನೇ ದಿನಾನೇ ಹೇಳ್ಬಹುದಿತ್ತಲ್ದ?”

“ಮೊದಲ್ನೇ ದಿನ ನೀನು ಅಷ್ಟು ಖುಷೀಲಿ ಇದ್ದಿ. ಹೇಳಾಕ ಬಾಯಿ ಬರ್ಲಿಲ್ಲ. ಎರಡ್ನೇ ದಿನ ಹೇಳಿದ್ರೆ ಮೊದಲ್ನೇ ದಿನದ್ದು ಸುಳ್ಳಾಗ್ತಿತ್ತು. ಹಂಗೇ ಬೆಳೀತು.”

ಮೇಡಂ ನೀರಿನ ಕಡೆ ನೋಡುತ್ತ ಕೂತರು. ಅವರಿಗೆ ಸಿಟ್ಟು ಬಂದಿದೆಯೋ ನೋವಾಗಿದೆಯೋ ತಿಳಿಯಲಿಲ್ಲ. ಇಷ್ಟು ಚಳಿಗಾಲ ಪಕ್ಕದಲ್ಲಿ ನಿಂತವರು ಏನನ್ನೂ ನೋಡಿರಲೇ ಇಲ್ಲ ಎಂದರೆ ಅದು ಸಣ್ಣ ವಿಷಯವಲ್ಲ. ಬಹಳ ಹೊತ್ತಾದ ಮೇಲೆ ಎದ್ದು, ಸ್ಕೋಪಿನ ಹತ್ತಿರ ಹೋಗಿ, ಫೋನಿನ ಬೆಳಕನ್ನು ಹೆಚ್ಚು ಮಾಡಿ, “ಬನ್ನಿ. ಮೊದಲಿಂದ ನೋಡಣ” ಎಂದರು. ಅವತ್ತು ಆ ಜಲಾಶಯದಲ್ಲಿದ್ದ ಹಕ್ಕಿಗಳನ್ನೆಲ್ಲ ಅವರು ಒಂದೊಂದಾಗಿ ತೆರೆಯ ಮೇಲೆ ತಂದು ಗಂಡನಿಗೆ ತೋರಿಸಿದರು. ಒಂದನ್ನೂ ಫೋಟೋ ತೆಗೆದು ಇಟ್ಟುಕೊಳ್ಳಲಿಲ್ಲ.

ಸಂಜೆ ನನಗೆ ಫೋನು ಬಂತು. ಗುಂಪಿನಲ್ಲಿ ತಿದ್ದುಪಡಿ ಹಾಕಬೇಕು, ಕನ್ನಡ ಸರಿಯಿದೆಯಾ ನೋಡಿ ಎಂದರು. ನಾನು ಬೇಡವೆಂದೆ. “ಹಳೇ ಮಾತು ಮೇಡಂ. ಯಾರು ಕೇಳ್ತಾರೆ? ಇದ್ದ ಒಬ್ಬ ಸಾಕ್ಷಿಯನ್ನೂ ನೀವೇ ತೆಗೆದ್ರೆ ಡಾಕ್ಟ್ರು ಹಕ್ಕಿಯನ್ನೇ ತೆಗೀತಾರೆ.”

“ತಪ್ಪು ಉತ್ತರಕ್ಕೆ ರೈಟ್ ಹಾಕಿದೀನಿ ಅಂತ ಗೊತ್ತಾದ ಮೇಲೆ ಬಿಡಕ್ಕಾಗ್ತದಾ ಮೇಷ್ಟ್ರೇ?”

ಅವರು ಹಾಕಿದ್ದು ಇಷ್ಟು: ‘ಕರಿ ಕೊಕ್ಕರೆಯನ್ನು ನನ್ನ ಯಜಮಾನರೂ ನೋಡಿದ್ದಾರೆ ಎಂದು ಹೇಳಿದ್ದೆ. ಅವರು ನೋಡಿರಲಿಲ್ಲ. ನೋಡಿದ್ದು ನಾನೊಬ್ಬಳೇ.’ ಅಣ್ಣ ಯಾಕೆ ಹಾಗೆ ಹೇಳಿದರು ಎಂಬುದನ್ನು ಬರೆಯಲಿಲ್ಲ. ತಪ್ಪನ್ನು ತಮ್ಮ ಮೇಲೆಯೇ ಇಟ್ಟುಕೊಂಡರು. ಡಾಕ್ಟರು ಮಾರನೆಯ ದಿನ ಬಹಳ ಮರ್ಯಾದೆಯಿಂದ, ಹಾಗಿದ್ದರೆ ದಾಖಲೆಯಿಂದ ತೆಗೆಯಬೇಕಾಗುತ್ತದೆ ಮೇಡಂ ಎಂದು ತಿಳಿಸಿದರು. “ತೆಗೀರಿ,” ಎಂದರು ಮೇಡಂ. “ಹಕ್ಕಿ ಬಂದು ಹೋಗಿದ್ದು ಹೋಗಿದ್ದೇ. ನೀವು ತೆಗೆದ್ರೆ ಅದು ಬರದೇ ಇದ್ದ ಹಂಗೆ ಆಗದಿಲ್ಲ.” ಅವರಿಗೆ ನೋವಾಯಿತು. ಕೆಲವು ವಾರ ಗುಂಪಿನಲ್ಲಿ ಒಂದು ಮಾತೂ ಆಡಲಿಲ್ಲ.

ನಾನು ಸ್ವಲ್ಪ ದಿನದ ನಂತರ ಹಲ್ಲು ಕೀಳಿಸಲು ಸೊರಬಕ್ಕೆ ಹೋಗಿದ್ದೆ. ಡಾಕ್ಟರು ನನ್ನ ಬಾಯೊಳಗೆ ಇಕ್ಕಳ ಇಟ್ಟುಕೊಂಡು, “ಇಬ್ಬರು ನೋಡಿದಾರೆ ಅಂದಾಗ ನಂಗೆ ಅನುಮಾನ ಇತ್ತು. ಒಬ್ಬರೇ ನೋಡಿದ್ದು ಅಂದಾಗ ಅನುಮಾನ ಹೋಯ್ತು ಮೇಷ್ಟ್ರೇ” ಎಂದರು. ಹಾಗಾದರೆ ದಾಖಲೆಗೆ ವಾಪಸ್ಸು ಸೇರಿಸಿ ಎಂದು ಹೇಳಬೇಕೆಂದಿದ್ದೆ. ಬಾಯಿ ನನ್ನ ವಶದಲ್ಲಿರಲಿಲ್ಲ. ಅವರು ಸೇರಿಸಲೂ ಇಲ್ಲ.

ಆಮೇಲಿನ ಚಳಿಗಾಲಗಳು ಬೇರೆ ಬಗೆಯವು. ಕಾಣತೊಡಗಿದ ಮೇಲೆ ಅಣ್ಣ ಬದಲಾದರು. ವರ್ಷಗಟ್ಟಲೆ ಎಲ್ಲದಕ್ಕೂ ಚಲೋ ಐತಿ ಎಂದವರು ಈಗ ಫೋನಿನ ತೆರೆಗೆ ಮೂಗು ತಾಗಿಸಿ ತಕರಾರು ತೆಗೆಯಲು ಶುರುಮಾಡಿದರು. ಮೇಡಂ ಕಾಲು ಕೆಂಪು ಎಂದರೆ ಇವರು, “ಕಿತ್ಲಿ ಬಣ್ಣ ಅದು” ಎನ್ನುವರು. ಮೇಡಂ ಹೆಣ್ಣು ಎಂದರೆ ಇವರು, “ಮರಿ ಯಾಕಾಗಿರಬಾರ್ದು?” ಎನ್ನುವರು. ಇಬ್ಬರ ವಾದಕ್ಕೆ ಹತ್ತಿರದ ನೀರುಕಾಗೆಗಳು ಎದ್ದು ಹಾರಿಹೋಗುತ್ತಿದ್ದವು. “ಇವರ ಜೊತೆ ಬರದೇ ಬೇಡ ಅನ್ನಿಸ್ತದೆ” ಎಂದು ಮೇಡಂ ನನಗೆ ದೂರುತ್ತಿದ್ದರು. ಶನಿವಾರ ಸಂಜೆಯೇ ಫೋನು ಚಾರ್ಜಿಗೆ ಹಾಕಿ, “ನಾಳೆ ಬೇಗ ಏಳ್ಬೇಕು ನೋಡಿ” ಎಂದು ಗಂಡನಿಗೆ ನೆನಪಿಸುತ್ತಿದ್ದವರೂ ಅವರೇ. ಅವರನ್ನು ಅಷ್ಟು ಉಲ್ಲಾಸದಲ್ಲಿ ನಾನು ಶಾಲೆಯಲ್ಲಿದ್ದಾಗ ನೋಡಿರಲಿಲ್ಲ.

ಈ ವರ್ಷ ಮಳೆಗಾಲದ ಮೊದಲಲ್ಲಿ ಮೇಡಂ ತೀರಿಕೊಂಡರು. ಜ್ವರ ಎಂದು ಮಲಗಿದವರು ಏಳಲಿಲ್ಲ.

ಚಳಿ ಬಿದ್ದ ಮೇಲೆ ಒಂದು ದಿನ ಅಣ್ಣ ಫೋನು ಮಾಡಿ, “ಮೇಷ್ಟ್ರೇ, ಭಾನುವಾರ ಅಂಜನಾಪುರಕ್ಕ ಹೋಗಿ ಬರಾನ?” ಎಂದರು. ಹೋದೆವು. ಸ್ಟ್ಯಾಂಡು ನಿಲ್ಲಿಸಿ, ಸ್ಕೋಪು ಕೂರಿಸಿ, ತಿರುಪು ಬಿಗಿದು, ಫೋನಿನ ಕಣ್ಣನ್ನು ಸರಿಹೊಂದಿಸುವುದನ್ನು ಅವರೊಬ್ಬರೇ ಮಾಡಿದರು. ಹೊತ್ತು ಹಿಡಿಯಿತು. ತೆರೆಯ ಮೇಲೆ ಒಂದು ಬಾತು ಬಂತು. ಕಂದು ತಲೆ, ಬಿಳಿ ಎದೆ, ಹಿಂದಕ್ಕೆ ಚಾಚಿದ ಉದ್ದನೆಯ ಚೂಪು ಬಾಲ.

“ಸೂಜಿಬಾಲದ ಬಾತು” ಎಂದರು ಅಣ್ಣ.

ನಾನು ಹೌದೆಂದೆ. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು.

“ನೋಡ್ರೀ, ಈಗ ನಾ ಹೇಳಿದ್ದೇ ಆತು” ಎಂದರು. “ಅಲ್ಲ ಅನ್ನೋರಿಲ್ಲ.”

ಹಾಗೆಂದು ಫೋನನ್ನು ಬಿಚ್ಚಲು ಕೈ ಹಾಕಿದರು. ನಾವು ಬಂದು ಇನ್ನೂ ಬಿಸಿಲು ಕೂಡ ಏರಿರಲಿಲ್ಲ. ನನಗೆ ಹಕ್ಕಿಯ ವಿದ್ಯೆ ಅಷ್ಟಕ್ಕಷ್ಟೇ. ಆದರೆ ಆ ಬಾಲ ಸೂಜಿಯಂತೆ ಇದ್ದದ್ದು ಯಾರಿಗಾದರೂ ಕಾಣುವಂತಿತ್ತು.

“ಅಲ್ಲ ಅನ್ಸುತ್ತೆ ಅಣ್ಣ” ಎಂದೆ. “ಬಾಲ ಅಷ್ಟೇನೂ ಉದ್ದ ಇಲ್ಲ.”

ಅಣ್ಣನ ಕೈ ಅಲ್ಲಿಯೇ ನಿಂತಿತು. ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ರಟ್ಟೆ ಹಿಡಿದು ತೆರೆಯ ಹತ್ತಿರ ಎಳೆದುಕೊಂಡು, “ಕಣ್ಣು ಎಲ್ಲಿಟ್ಟೀರಿ ಮೇಷ್ಟ್ರೇ? ಸರಿಯಾಗಿ ನೋಡ್ರೀ” ಎಂದರು. ನಾನು ಸೋಲೊಪ್ಪಲಿಲ್ಲ. ಬಿಸಿಲು ಏರಿ ತೆರೆಯ ಮೇಲಿನ ಚಿತ್ರ ಮಾಸುವವರೆಗೂ ನಾವು ಆ ಬಾಲದ ಬಗ್ಗೆ ಜಗಳ ಆಡಿದೆವು.